ಲಹರಿಯ ಇನ್ನೊಂದು ಅರ್ಥ

ಕೇರಳಕ್ಕೆ ಕೆಲಸಕ್ಕೆಂದು ಬರುವ ಕನ್ನಡಿಗರು ಮೊದಲ ತಿಂಗಳಲ್ಲೇ ಎಡವುವ ಪದಗಳಲ್ಲಿ 'ಲಹರಿ' ಒಂದು. ನಮಗೆ ಲಹರಿ ಎಂದರೆ ಭಾವಲಹರಿ, ಗಾನಲಹರಿ, ಹಳೆಯ ಕ್ಯಾಸೆಟ್ಟಿನ ಮೇಲಿದ್ದ ಹೆಸರು. 'ಅವನು ಯಾವುದೋ ಲಹರಿಯಲ್ಲಿದ್ದಾನೆ' ಎಂದರೆ ಈಗ ಮಾತಾಡಿಸಬೇಡಿ ಎಂದಷ್ಟೇ. ಮಲಯಾಳದಲ್ಲಿ ಲಹರಿ ಎಂದರೆ ನಶೆ. ಕಾಲೇಜಿನ ಗೇಟಿನಲ್ಲಿ, ಬಸ್ಸಿನ ಹಿಂಬದಿಯಲ್ಲಿ, ಅಬಕಾರಿ ಇಲಾಖೆಯ ಫಲಕದಲ್ಲಿ ಕಾಣುವ ಲಹರಿ ಇದೇ. ಕುಡಿತಕ್ಕೆ ಅವರು 'ವೆಳ್ಳಮಡಿ' ಎನ್ನುತ್ತಾರೆ, ನೀರು ಹೊಡೆಯುವುದು. ನಾವು ಎಣ್ಣೆ ಹೊಡೆಯುತ್ತೇವೆ. ಭಾಷೆ ಯಾವುದಾದರೂ ಅಸಲು ಹೆಸರು ಹೇಳಲು ಬಾಯಿ ಬರುವುದಿಲ್ಲ.

ಈ ಎರಡನೆಯ ಅರ್ಥ ನಮ್ಮ ಮನೆಗೆ ಬಂದದ್ದು ತಮ್ಮನ ಮೂಲಕ. ನಾನು ಕೊಚ್ಚಿಯ ಕಾಕ್ಕನಾಡಿನಲ್ಲಿದ್ದೇನೆ, ಅವನು ತಿರುವನಂತಪುರದ ಟೆಕ್ನೋಪಾರ್ಕಿನ ಹತ್ತಿರ. ನಡುವೆ ಸುಮಾರು 200 ಕಿಲೋಮೀಟರ್. ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಅವನ ರೂಮ್‌ಮೇಟ್ ಫೋನ್ ಮಾಡಿದ. "ಚೇಚಿ, ಇವನು ಶುಕ್ರವಾರದಿಂದ ಕುಡಿದಿಲ್ಲ. ಕೈ ನಡುಗುತ್ತಿದೆ. ಬಾಗಿಲ ಹತ್ತಿರ ಯಾರೋ ನಿಂತಿದ್ದಾರೆ ಅಂತಾನೆ, ಅಲ್ಲಿ ಯಾರೂ ಇಲ್ಲ."

ಅರಸೀಕೆರೆಯಲ್ಲಿರುವ ಅಮ್ಮನಿಗೆ ಇದು ಅರ್ಥವಾಗಲಿಲ್ಲ. "ಕುಡಿಯೋದು ಬಿಟ್ಟಿದಾನೆ ಅಂದ್ರೆ ಒಳ್ಳೇದೇ ಅಲ್ವೇನೆ? ಎರಡು ದಿನ ತಡ್ಕೊಂಡ್ರೆ ಸರಿಹೋಗ್ತಾನೆ. ಎಳನೀರು ಕೊಡೋಕೆ ಹೇಳು" ಎಂದರು. ಬಹಳ ಜನ ಹೀಗೇ ತಿಳಿದಿದ್ದಾರೆ. ಕುಡಿತದಿಂದ ಅಪಾಯ ಗೊತ್ತು. ಬಿಟ್ಟ ಮೊದಲ ನಾಲ್ಕು ದಿನಗಳಲ್ಲೂ ಅಪಾಯವಿದೆ ಎಂಬುದು ಗೊತ್ತಿಲ್ಲ.

ಮದ್ಯ ಮಿದುಳನ್ನು ಮಂಕಾಗಿಸುತ್ತದೆ. ವರ್ಷಗಟ್ಟಲೆ ದಿನವೂ ಕುಡಿದರೆ ಮಿದುಳು ಅದಕ್ಕೆ ಎದುರಾಗಿ ತನ್ನ ವೇಗ ಹೆಚ್ಚಿಸಿಕೊಂಡು ಸಮತೋಲ ಮಾಡಿಕೊಂಡಿರುತ್ತದೆ. ಏಕಾಏಕಿ ಮದ್ಯ ನಿಂತರೆ ಆ ವೇಗಕ್ಕೆ ತಡೆಯೇ ಇರುವುದಿಲ್ಲ. ಕೊನೆಯ ಪೆಗ್ಗಿನ ನಂತರ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ. 48 ಗಂಟೆಯೊಳಗೆ ಕೆಲವರಿಗೆ ಫಿಟ್ಸ್. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ. ಜ್ವರ, ಗೊಂದಲ, ಇಲ್ಲದವರು ಕಾಣುವುದು. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಸಿಕ್ಕರೆ ಇದನ್ನು ಹತೋಟಿಗೆ ತರುವುದು ದೊಡ್ಡ ವಿದ್ಯೆಯಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೊರಾಜೆಪಾಮ್ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ. ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್, ಅಂದರೆ ಬಿ1 ವಿಟಮಿನ್, ಇಂಜೆಕ್ಷನ್ ಕೊಡುತ್ತಾರೆ. ಹಳೆಯ, ಅಗ್ಗದ ಔಷಧಿಗಳು.

ಇದು ಕಾಯಿಲೆಯೋ ಚಟವೋ ಎಂಬ ಪ್ರಶ್ನೆಯನ್ನು ಇಡೀ ಕೇರಳ ಒಟ್ಟಿಗೆ ಎದುರಿಸಿದ್ದು 2020ರ ಮಾರ್ಚ್‌ನಲ್ಲಿ. ಲಾಕ್‌ಡೌನ್ ಬಂದು ಮದ್ಯದಂಗಡಿಗಳು ಮುಚ್ಚಿದವು. ಕೆಲವೇ ದಿನಗಳಲ್ಲಿ ಮದ್ಯ ಸಿಗದೆ ಆತ್ಮಹತ್ಯೆ ಮಾಡಿಕೊಂಡವರ ಸುದ್ದಿ ಬರತೊಡಗಿತು. ಮಾರ್ಚ್ 30ರಂದು ಸರ್ಕಾರ, ವೈದ್ಯರ ಚೀಟಿ ತಂದವರಿಗೆ ಅಬಕಾರಿ ಪಾಸಿನ ಮೇಲೆ ಮದ್ಯ ಕೊಡುವ ಆದೇಶ ಹೊರಡಿಸಿತು. ಮದ್ಯಕ್ಕೆ ಚೀಟಿ ಬರೆಯುವುದು ವೈದ್ಯಕೀಯವಲ್ಲ, ಇದಕ್ಕೆ ಬೇರೆ ಔಷಧಿ ಇದೆ ಎಂದು ವೈದ್ಯರು ಪ್ರತಿಭಟಿಸಿದರು. ಏಪ್ರಿಲ್ 2ರಂದು ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಅದೇ ದಿನಗಳಲ್ಲಿ ಕರ್ನಾಟಕ ತನ್ನ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಿತ್ತು. ಆಸ್ಪತ್ರೆ ಎಂದರೆ ಮಂಗಳೂರು ಎಂದೇ ತಿಳಿದಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ನಿಂತುಬಿಟ್ಟಿದ್ದರು. ಔಷಧಿ ಇರುವುದು ಬೇರೆ, ಅದು ಇರುವಲ್ಲಿಗೆ ನಾವು ತಲುಪುವುದು ಬೇರೆ ಎಂಬುದಕ್ಕೆ ಆ ಒಂದು ವಾರ ಸಾಕು.

ನಮ್ಮ ಭಾನುವಾರಕ್ಕೆ ಬರುತ್ತೇನೆ. ರೂಮ್‌ಮೇಟ್ ಹುಡುಗ ಹತ್ತಿರದ ಖಾಸಗಿ ಆಸ್ಪತ್ರೆಗೆ ಕರೆದೊಯ್ದ. ಮನೋವೈದ್ಯರು ಸೋಮವಾರ ಬರುತ್ತಾರೆ, ಕುಡಿದ ಕೇಸನ್ನು ಕ್ಯಾಶುವಾಲ್ಟಿಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದರಂತೆ. ಅವನು ಕುಡಿದಿರಲಿಲ್ಲ, ಅದೇ ತೊಂದರೆ ಎಂದು ಹುಡುಗ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಅಲ್ಲಿಂದ ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದರು. ಅಲ್ಲಿ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ವೈದ್ಯೆ ಕೈ ಚಾಚಲು ಹೇಳಿ, ನಡುಕ ನೋಡಿ, ಕೊನೆಯದಾಗಿ ಎಷ್ಟು ಗಂಟೆಗೆ ಕುಡಿದದ್ದು ಎಂದು ಕೇಳಿ, ಬೆಡ್ ಮೇಲೆ ಮಲಗಿಸಿದರು. ಸಂಜೆ ನಾನು ರೈಲಿಳಿದು ಹೋಗುವ ಹೊತ್ತಿಗೆ ಅವನು ನಿದ್ದೆ ಮಾಡುತ್ತಿದ್ದ. ಎಂಟು ದಿನ ಅಲ್ಲಿದ್ದೆವು.

ಕಷ್ಟ ಶುರುವಾದದ್ದು ಒಂಬತ್ತನೇ ದಿನ. ನಡುಕ ನಿಲ್ಲಿಸುವುದು ಚಿಕಿತ್ಸೆಯ ಮೊದಲ ಮೆಟ್ಟಿಲಷ್ಟೇ. ಮುಂದಿನ ತಿಂಗಳುಗಳಲ್ಲಿ ಆಪ್ತಸಮಾಲೋಚನೆ, ನಾಲ್ಟ್ರೆಕ್ಸೋನ್ ಅಥವಾ ಅಕಾಂಪ್ರೊಸೇಟ್‌ನಂಥ ಮಾತ್ರೆ, ವಾರವಾರ ಭೇಟಿ ಇವೆಲ್ಲ ಬೇಕು. ಎಲ್ಲಿ?

ಕೇರಳ ಈ ವಿಷಯದಲ್ಲಿ ಹಲವು ರಾಜ್ಯಗಳಿಗಿಂತ ಮುಂದಿದೆ. ಅಬಕಾರಿ ಇಲಾಖೆ 2016ರಲ್ಲಿ 'ವಿಮುಕ್ತಿ' ಯೋಜನೆ ಆರಂಭಿಸಿತು. 14 ಜಿಲ್ಲೆಗಳಲ್ಲೂ ಸರ್ಕಾರಿ ಆಸ್ಪತ್ರೆಯೊಳಗೆ ಒಂದೊಂದು ವ್ಯಸನಮುಕ್ತಿ ಕೇಂದ್ರ, ಫೋನ್ ಮಾಡಲು 14405. ಆದರೆ ನಕ್ಷೆ ತೆರೆದು ನೋಡಿ. ಎರ್ನಾಕುಲಂ ಜಿಲ್ಲೆಗೆಂದು ಮಾಡಿದ ಕೇಂದ್ರ ಕೊಚ್ಚಿ ನಗರದಲ್ಲಲ್ಲ, ಸುಮಾರು 40 ಕಿಲೋಮೀಟರ್ ಒಳಗಿನ ಮೂವಾಟ್ಟುಪುಳದಲ್ಲಿ. ತಿರುವನಂತಪುರ ಜಿಲ್ಲೆಯದು ನಗರದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ದೂರದ ನೆಯ್ಯಾಟ್ಟಿನ್‌ಕರದಲ್ಲಿ. ಟೆಕ್ನೋಪಾರ್ಕ್ ಇರುವುದು ನಗರದ ಉತ್ತರಕ್ಕೆ. ಕಾಸರಗೋಡಿನದು ನೀಲೇಶ್ವರದಲ್ಲಿ, ಮಂಜೇಶ್ವರದ ಕನ್ನಡಿಗನಿಗೆ ಅದಕ್ಕಿಂತ ಮಂಗಳೂರೇ ಹತ್ತಿರ. ಹಳ್ಳಿಗಳವರಿಗೆ ಇದರಿಂದ ಅನುಕೂಲವೇ ಆಗಿದೆ, ಅದು ನ್ಯಾಯವೂ ಹೌದು. ಆದರೆ ಸಂಜೆ ಆರಕ್ಕೆ ಲಾಗ್‌ಔಟ್ ಮಾಡುವವನಿಗೆ ಬೆಳಗಿನ ಒಪಿಗೆ ಅಷ್ಟು ದೂರ ಹೋಗಿ ಬರುವುದೆಂದರೆ ವಾರಕ್ಕೊಂದು ರಜೆ. ರಜೆ ಎಂದರೆ ಕಾರಣ ಹೇಳಬೇಕು.

ಊರೊಳಗೆ ಹತ್ತಿರ ಇರುವುದು ಊಳಂಪಾರದ ಮಾನಸಿಕ ಆರೋಗ್ಯ ಕೇಂದ್ರ, ಮೆಡಿಕಲ್ ಕಾಲೇಜಿನ ಮನೋವೈದ್ಯ ವಿಭಾಗ. ಊಳಂಪಾರ ಎಂಬ ಹೆಸರನ್ನು ಮಲಯಾಳಿಗಳು ತಮಾಷೆಗೆ ಬಳಸುವುದು ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹೆಸರನ್ನು ಬಳಸುವ ಹಾಗೆಯೇ. ತಮ್ಮ ಇಲ್ಲಿಗೆ ಬಂದು ಎರಡೇ ವರ್ಷವಾಗಿದ್ದರೂ ಆ ತಮಾಷೆ ಕಲಿತಿದ್ದ. "ಅಕ್ಕ, ಅಲ್ಲಿಗಂತೂ ನಾನು ಬರಲ್ಲ" ಎಂದ.

ಹಾಗಾಗಿ ಖಾಸಗಿ ಕೇಂದ್ರಗಳಿಗೆ ಫೋನ್ ಮಾಡಿದೆ. ಒಂದು ಕಡೆ 21 ದಿನಕ್ಕೆ ಒಂದು ಲಕ್ಷದ ಹತ್ತಿರ ಹೇಳಿದರು. ಇನ್ನೊಂದು ಕಡೆ, "ನೀವು ಬರೋದೇ ಬೇಡ ಮೇಡಂ, ನಮ್ಮ ಹುಡುಗರು ಬಂದು ಎತ್ತಿಕೊಂಡು ಹೋಗ್ತಾರೆ, ಮೂರು ತಿಂಗಳು ಫೋನ್ ಕೊಡಲ್ಲ" ಎಂದರು. ಆ ಮಾತು ಕೇಳಿದ ಮೇಲೆಯೇ ನಾನು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯನ್ನು ಓದಲು ಕೂತದ್ದು. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಅದು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸುತ್ತದೆ. ಹೀಗಾಗಿ ಇಂಥ ರೋಗಿಗಳನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಕೇಂದ್ರ ನೋಂದಣಿ ಮಾಡಿಸಿರಬೇಕು. ಸ್ವಂತ ಇಚ್ಛೆಯಿಂದ ದಾಖಲಾದವರು ಬಿಡುಗಡೆ ಕೇಳಬಹುದು. ಇಚ್ಛೆಯಿಲ್ಲದೆ ದಾಖಲಿಸಲು ವೈದ್ಯರ ಪರೀಕ್ಷೆ, ಕಾರಣ, ಕಾಲಮಿತಿ ಎಲ್ಲ ಬೇಕು. 'ಎತ್ತಿಕೊಂಡು ಹೋಗುವುದು' ಅದರಲ್ಲಿ ಎಲ್ಲೂ ಇಲ್ಲ.

ಅದೇ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ: ದೈಹಿಕ ಕಾಯಿಲೆಗೆ ವಿಮೆ ಹೇಗೋ ಮಾನಸಿಕ ಕಾಯಿಲೆಗೂ ಹಾಗೆಯೇ. ಇದನ್ನು ಓದಿ ಸಮಾಧಾನದಿಂದ ಪಾಲಿಸಿಯ ಪುಟ ತಿರುವಿದರೆ ಅಲ್ಲಿ 12ನೇ ಸಂಖ್ಯೆಯ ವಿನಾಯಿತಿ ಕೂತಿತ್ತು. ಮದ್ಯವ್ಯಸನ, ಮಾದಕ ವಸ್ತು, ಯಾವುದೇ ವ್ಯಸನ ಮತ್ತು ಅದರ ಪರಿಣಾಮಗಳ ಚಿಕಿತ್ಸೆಗೆ ಹಣವಿಲ್ಲ. ಇದು ಒಂದು ಕಂಪನಿಯ ಕುತಂತ್ರವಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಒಕ್ಕಣೆ ಗೊತ್ತುಮಾಡಿದಾಗ ಈ ವಿನಾಯಿತಿಗೂ ಜಾಗ ಕೊಟ್ಟಿತು. ಒಂದು ಕಾನೂನು ಇದನ್ನು ಕಾಯಿಲೆ ಎನ್ನುತ್ತದೆ. ಪಾಲಿಸಿ ಇದನ್ನು ನೀವೇ ತಂದುಕೊಂಡದ್ದು ಎನ್ನುತ್ತದೆ. ಈ ಸಂದಿನಲ್ಲಿ ಎಷ್ಟು ಮನೆಗಳ ಉಳಿತಾಯ ಜಾರಿಹೋಗಿದೆಯೋ! ನಿಮ್ಮ ಆಫೀಸಿನ ಗುಂಪು ವಿಮೆಯಲ್ಲಿ ಏನಿದೆ ಎಂದು, ಅಗತ್ಯ ಬೀಳುವ ಮೊದಲೇ ಒಮ್ಮೆ ನೋಡಿಟ್ಟುಕೊಳ್ಳಿ.

ದೇಶದ ಲೆಕ್ಕವೂ ಇದಕ್ಕೆ ತಕ್ಕ ಹಾಗೇ ಇದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯದ ಸಮಸ್ಯೆ ಇದ್ದವರಲ್ಲಿ ಶೇ. 86.3 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ದೆಹಲಿಯ ಏಮ್ಸ್‌ನವರು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಮದ್ಯಕ್ಕೆ ಅಧೀನರಾದ 38 ಜನರಲ್ಲಿ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದದ್ದಾಗಿ ಹೇಳಿದ್ದರು. ಒಳರೋಗಿಯಾಗಿ ದಾಖಲಾದವರು 180ಕ್ಕೆ ಒಬ್ಬರು. ಅಂದರೆ ಒಂದು ಬಸ್ಸಿನಲ್ಲಿ ಕೂತಷ್ಟು ಜನರಲ್ಲಿ ಇಳಿದು ಆಸ್ಪತ್ರೆಯ ಮೆಟ್ಟಿಲು ಹತ್ತುವವನು ಒಬ್ಬನೇ.

ಕೊನೆಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ದೂರವಲ್ಲ, ಹಣವಲ್ಲ, ಭಾಷೆ. ಮಾತ್ರೆಗೆ ಭಾಷೆ ಬೇಡ, ಸಮಾಲೋಚನೆಗೆ ಬೇಕು. ಮೂರು ವಾರ ಅವನು ಒಬ್ಬ ಒಳ್ಳೆಯ ಸಮಾಲೋಚಕರ ಹತ್ತಿರ ಹೋದ. ಅವರು ಮಲಯಾಳಿ, ಮಾತು ಇಂಗ್ಲಿಷಿನಲ್ಲಿ. "ಕ್ರೇವಿಂಗ್ ಇದೆಯಾ?" ಎಂದು ಪ್ರತಿ ಸಲ ಕೇಳುತ್ತಿದ್ದರು. "ಇಲ್ಲ" ಎನ್ನುತ್ತಿದ್ದ. ಅದು ಸುಳ್ಳಲ್ಲ. ಅವನ ಮಟ್ಟಿಗೆ ಕ್ರೇವಿಂಗ್ ಎಂದರೆ ಬಿರಿಯಾನಿ ನೆನೆದು ಬಾಯಲ್ಲಿ ನೀರೂರುವುದು. ಆಮೇಲೆ ಬೆಂಗಳೂರಿನ ಕನ್ನಡದ ಸಮಾಲೋಚಕಿಯೊಬ್ಬರು ವೀಡಿಯೊ ಕರೆಯಲ್ಲಿ ಸಿಕ್ಕರು. ಅವರು ಕೇಳಿದ್ದು, "ಸಂಜೆ ಹೊತ್ತು ಹೇಗಿರುತ್ತಪ್ಪ?" ಎಂದು. ಇವನು ಹೇಳಿದ: "ಏಳು ಗಂಟೆ ಆದ್ರೆ ಒಂಥರಾ ಚಡಪಡಿಕೆ ಮೇಡಂ. ಕೂತಲ್ಲಿ ಕೂರಕ್ಕಾಗಲ್ಲ, ಎದೆ ಖಾಲಿ ಖಾಲಿ." ಆ ದಿನ ಒಂದೂವರೆ ಗಂಟೆ ಮಾತಾಡಿದ. ಅಪ್ಪನ ವಿಷಯ ಬಂತು. ನಾನು ಅಕ್ಕಿ ತೊಳೆಯುವ ನೆಪದಲ್ಲಿ ಅಡುಗೆಮನೆಯಲ್ಲೇ ನಿಂತಿದ್ದೆ. ಚಡಪಡಿಕೆ ಎಂಬ ಪದ ಸಿಕ್ಕಿದ ಮೇಲೆ ಮಾತ್ರೆಯ ಪ್ರಮಾಣವೂ ಬದಲಾಯಿತು.

ಸರ್ಕಾರದ 'ಟೆಲಿ ಮಾನಸ್' 2022ರ ಅಕ್ಟೋಬರಿನಲ್ಲಿ ಶುರುವಾಯಿತು, ಸಂಖ್ಯೆ 14416. 20 ಭಾಷೆಗಳ ಸೇವೆಯಲ್ಲಿ ಕನ್ನಡವೂ ಇದೆ. ಮುಂಬೈಯಲ್ಲಿರಲಿ, ಪುಣೆಯಲ್ಲಿರಲಿ, ಈ ಸಂಖ್ಯೆಯನ್ನು ಫೋನಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಈ ಸುದ್ದಿ ಹೇಗೋ ಹಬ್ಬಿ, ಕೊಚ್ಚಿಯಲ್ಲಿ ಓದುತ್ತಿರುವ ನಮ್ಮ ಕಡೆಯ ಹುಡುಗನೊಬ್ಬ ಒಂದು ರಾತ್ರಿ ಮೆಸೇಜ್ ಮಾಡಿದ. ಅವನದು ಮದ್ಯವಲ್ಲ, ಎಂಡಿಎಂಎ. "ಆಸ್ಪತ್ರೆಗೆ ಹೋದ್ರೆ ಹೆಸರು ಪೊಲೀಸರಿಗೆ ಹೋಗುತ್ತಾ ಅಕ್ಕ?" ಎಂಬುದೊಂದೇ ಪ್ರಶ್ನೆ. ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂದು ಕಾಯ್ದೆಯೇ ಹೇಳುತ್ತದೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಇಷ್ಟನ್ನು ಬರೆದು ಕಳಿಸಿದೆ. ಈ ಭಯಕ್ಕೆ ಉತ್ತರ ಕಾಲೇಜಿನ ಗೋಡೆಯ ಮೇಲೂ ಇರಬೇಕಿತ್ತು. ಅಲ್ಲಿರುವುದು 'ಲಹರಿಗೆ ಇಲ್ಲ ಎನ್ನಿ' ಎಂಬ ಪೋಸ್ಟರ್ ಮಾತ್ರ. ಈಗಾಗಲೇ ಹೌದು ಎಂದವನಿಗೆ ಅದರಲ್ಲಿ ಏನೂ ಇಲ್ಲ.

ನಮ್ಮ ಊರಲ್ಲೂ ಪರಿಸ್ಥಿತಿ ಬೇರೆಯಲ್ಲ. 'ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ' ಎಂಬ ಗೋಡೆಬರಹ ನೋಡದ ಕನ್ನಡಿಗನಿಲ್ಲ. ಅಮ್ಮ ಅಂಥ ಒಂದು ಪುಡಿಯನ್ನು ಕೊರಿಯರ್ ಮಾಡಲು ಹೊರಟಿದ್ದರು. ಡೈಸಲ್ಫಿರಾಮ್‌ನಂಥ ಮಾತ್ರೆ ಒಳಗಿರುವಾಗ ಗೊತ್ತಿಲ್ಲದೆ ಕುಡಿದರೆ ಜೀವಕ್ಕೇ ಸಂಚಕಾರ ಎಂದು ಹೇಳಿ ತಡೆಯಬೇಕಾಯಿತು. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಸೇರಿಸೋಣವೆಂದೂ ಹೇಳಿದರು. ಹಳ್ಳಿಯಲ್ಲಿ ಆ ಶಿಬಿರ ಕೆಲಸ ಮಾಡುವುದಕ್ಕೆ ಒಂದು ಕಾರಣವೆಂದರೆ ಮುಗಿಸಿ ಬಂದವನನ್ನು ಊರು ನೋಡುತ್ತಿರುತ್ತದೆ. ಇಲ್ಲಿ ತಮ್ಮನನ್ನು ನೋಡುವವರು ಯಾರು? ಶುಕ್ರವಾರ ರಾತ್ರಿ ತಂಡದ ಪಾರ್ಟಿಗೆ ಕರೆಯುವವರೇ.

ಆ ಜಾಗವನ್ನು ಈಗ ಸ್ವಲ್ಪಮಟ್ಟಿಗೆ ತುಂಬಿರುವುದು ರೂಮ್‌ಮೇಟ್. ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ತಮ್ಮ ಪರವಾಗಿ ಒಬ್ಬ ನಾಮನಿರ್ದೇಶಿತ ಪ್ರತಿನಿಧಿಯನ್ನು ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿ ಗೊತ್ತುಮಾಡಬಹುದು. ಅವರು ಬಂಧುವೇ ಆಗಬೇಕೆಂದಿಲ್ಲ. ಮನೆಯಿಂದ ನೂರಾರು ಮೈಲಿ ದೂರ ಇರುವ ನಮ್ಮಂಥವರಿಗೆ ಇಷ್ಟು ಉಪಯೋಗದ ಸೆಕ್ಷನ್ ಬೇರೆ ಇಲ್ಲ. ತಮ್ಮ ಆ ಮಲಯಾಳಿ ಹುಡುಗನ ಹೆಸರು ಬರೆದ. ನನಗೆ ಒಂದು ಕ್ಷಣ ಕಸಿವಿಸಿಯಾಯಿತು. ಆದರೆ ರಾತ್ರಿ ಹನ್ನೆರಡಕ್ಕೆ ಬಾಗಿಲು ತಟ್ಟಬಲ್ಲವನು ಅವನೇ.

ಈಗ ಹನ್ನೊಂದು ತಿಂಗಳಾಗಿದೆ. ನಡುವೆ ಓಣಂ ಹೊತ್ತಿಗೆ ಒಮ್ಮೆ ಜಾರಿದ, ನಾಲ್ಕು ದಿನ. ಈ ಕಾಯಿಲೆಯಲ್ಲಿ ಹಾಗಾಗುವುದುಂಟು, ಬಿಪಿ ಮತ್ತೆ ಏರುವ ಹಾಗೆ, ಎಂದು ವೈದ್ಯರು ಮಾತ್ರೆ ಬರೆದುಕೊಟ್ಟರು. ಮುಂದಿನ ಭೇಟಿ ಗುರುವಾರ ಬೆಳಿಗ್ಗೆ ಹತ್ತಕ್ಕೆ. ರಜೆಯ ಅರ್ಜಿಯಲ್ಲಿ ಕಾರಣ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ಅವನು ಇನ್ನೂ ಯೋಚಿಸುತ್ತಿದ್ದಾನೆ.