ಕೆಮ್ಮಬೇಡಜ್ಜ, ಸೀನಬೇಡಜ್ಜಿ

ಬೆಳಿಗ್ಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು ಸಂಜೆಯೊಳಗೆ ಮನೆಗೆ ಬರುವ ಕಾಲ ಇದು. ನಾನು ಹೇಳುತ್ತಿರುವುದು 1980ರ ದಶಕದ ಮೊದಲ ವರ್ಷಗಳ ಮಾತು. ಆಗ ಪೊರೆ ತೆಗೆಸಿಕೊಂಡವರು ಒಂದು ವಾರ ಮಲಗಿರಬೇಕಿತ್ತು. ಮೊದಲ ಎರಡು ಮೂರು ದಿನವಂತೂ ಅಂಗಾತ, ತಲೆಯ ಎರಡೂ ಮಗ್ಗುಲಿಗೆ ಮರಳಿನ ಚೀಲ. ಕರಿಗುಡ್ಡೆಯ ಅಂಚನ್ನು ಅರ್ಧ ಸುತ್ತು ಕೊಯ್ದು, ಪೊರೆಗಟ್ಟಿದ ಮಸೂರವನ್ನು ಅದರ ಚೀಲದ ಸಮೇತ ಹೊರಗೆಳೆದು, ಕೆಲವೇ ಹೊಲಿಗೆ ಹಾಕಿ ಮುಚ್ಚುತ್ತಿದ್ದರು. ಗಾಯ ಕೂಡುವ ಮೊದಲು ಜೋರಾಗಿ ಕೆಮ್ಮಿದರೆ, ಸೀನಿದರೆ, ಹೊರಕಡೆಗೆ ಕೂತಾಗ ತಿಣುಕಿದರೆ ಹೊಲಿಗೆ ಬಿಟ್ಟು ಕಣ್ಣಿನೊಳಗಿನದು ಆಚೆ ಬರುವ ಭಯ. ಆಪರೇಷನ್ ಡಾಕ್ಟರದು, ಕೆಲವು ನಿಮಿಷದ ಕೆಲಸ. ಆಮೇಲಿನ ವಾರ ಯಾರದು? ಚಳ್ಳಕೆರೆಯಲ್ಲಿ ಅದನ್ನು ಹೊತ್ತವರು ಲಯನ್ಸ್ ಕ್ಲಬ್ಬಿನವರು, ಅವರ ಬೆನ್ನಿಗೆ ನಾವೊಂದಿಷ್ಟು ಹುಡುಗರು.

ನಾನು ಕ್ಲಬ್ಬಿನ ಸದಸ್ಯನಾಗಿರಲಿಲ್ಲ. ಆಗಷ್ಟೇ ಬ್ಯಾಂಕಿನಲ್ಲಿ ಗುಮಾಸ್ತಿಕೆಗೆ ಸೇರಿದ್ದೆ, ಊರಿಗೆ ಹೊಸಬ. ಚಳ್ಳಕೆರೆ ಅಂದರೆ ಶೇಂಗಾ, ಎಣ್ಣೆ ಮಿಲ್ಲು. ಸುಗ್ಗಿಯಲ್ಲಿ ಊರಿಗೆ ಊರೇ ಹಿಂಡಿಯ ವಾಸನೆ. ಕ್ಲಬ್ಬಿನಲ್ಲಿದ್ದವರು ಮಿಲ್ ಸಾಹುಕಾರರು, ವಕೀಲರು, ದಲ್ಲಾಲಿ ಮಂಡಿಯವರು, ಒಂದಿಬ್ಬರು ಡಾಕ್ಟರು, ನಮ್ಮ ಮ್ಯಾನೇಜರು. ದಸರಾ ರಜೆಯಲ್ಲಿ ಹೈಸ್ಕೂಲಿನ ಕೊಠಡಿಗಳಲ್ಲಿ ಉಚಿತ ಕಣ್ಣಿನ ಶಿಬಿರ ಅಂತ ಗೊತ್ತಾದಾಗ ಮ್ಯಾನೇಜರು ಕೇಳಿದರು: "ರಾತ್ರಿ ಹೊತ್ತು ರೂಮಿನಲ್ಲಿ ಒಬ್ರೇ ಏನ್ಮಾಡ್ತೀರಿ? ಬನ್ನಿ ನಮ್ಮ ಜೊತೆ." ಹೋದೆ.

ಮೊದಲ ಸಭೆಯಲ್ಲಿ ಹಿರಿಯ ವಕೀಲರೊಬ್ಬರು ಈ ಕ್ಲಬ್ಬಿಗೂ ಕಣ್ಣಿಗೂ ಏನು ನಂಟು ಅಂತ ನಮಗೆ ತಿಳಿಸಿ ಹೇಳಿದರು. 1917ರಲ್ಲಿ ಷಿಕಾಗೋದಲ್ಲಿ ಮೆಲ್ವಿನ್ ಜೋನ್ಸ್ ಎಂಬ ವಿಮಾ ವ್ಯವಹಾರದ ಮನುಷ್ಯ ಕಟ್ಟಿದ ಸಂಸ್ಥೆ ಇದು. ಎಂಟು ವರ್ಷದ ಮೇಲೆ, 1925ರಲ್ಲಿ, ಒಹಾಯೋದ ಸೀಡರ್ ಪಾಯಿಂಟಿನಲ್ಲಿ ಅವರ ದೊಡ್ಡ ಸಮಾವೇಶ ನಡೆದಾಗ ಹೆಲೆನ್ ಕೆಲ್ಲರ್ ಬಂದು ಮಾತಾಡಿದಳು. ಕಣ್ಣಿಲ್ಲ, ಕಿವಿಯಿಲ್ಲ, ಆಕೆ ಆ ವ್ಯಾಪಾರಸ್ಥರ ಮುಂದೆ ನಿಂತು ಕುರುಡರ ಪರವಾಗಿ ಕತ್ತಲೆಯ ಮೇಲೆ ದಂಡೆತ್ತುವ ಯೋಧರಾಗಿ ಅಂತ ಕೇಳಿಕೊಂಡಳು. ಅಂದಿನಿಂದ ಲೋಕದಲ್ಲೆಲ್ಲ ಲಯನ್ಸ್‌ನವರಿಗೆ ಕಣ್ಣಿನ ಕೆಲಸವೇ ಮುಖ್ಯ ಕೆಲಸವಾಯಿತು. ವಕೀಲರು ಇದನ್ನು ಹೇಳುವಾಗ ಸಭೆಯಲ್ಲಿ ಒಬ್ಬರೂ ಮಾತಾಡಲಿಲ್ಲ.

ಹಳ್ಳಿಯವರಿಗೆ ಮಾತ್ರ ಗೊತ್ತಿದ್ದ ಹೆಸರು ಬೇರೆ: ಡಾಕ್ಟರ್ ಎಂ.ಸಿ. ಮೋದಿ. ಬೀಳಗಿಯಲ್ಲಿ ಹುಟ್ಟಿ, ಊರೂರಿಗೆ ತಾವೇ ಹೋಗಿ, ಶಾಲೆ, ಛತ್ರ ಸಿಕ್ಕಿದಲ್ಲಿ ಶಿಬಿರ ಹೂಡಿ ಲಕ್ಷಾಂತರ ಜನಕ್ಕೆ ಪೊರೆ ತೆಗೆದ ಪುಣ್ಯಾತ್ಮ. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಆಪರೇಷನ್ ಮಾಡಿದರು ಅನ್ನುವುದು ದಾಖಲೆಯ ಮಾತು. ನಮ್ಮ ಶಿಬಿರಕ್ಕೆ ಬಂದದ್ದು ಬೇರೆ ಡಾಕ್ಟರು. ಆದರೂ ಜೀಪಿಗೆ ಮೈಕು ಕಟ್ಟಿಕೊಂಡು ನಾವು ಹೋದ ಕಡೆಯೆಲ್ಲ ಜನ ಕೇಳಿದ ಮೊದಲ ಪ್ರಶ್ನೆ, "ಮೋದಿ ಡಾಕ್ಟ್ರು ಬತ್ತಾರಾ?"

ಜೀಪಿನ ಆ ತಿರುಗಾಟದಲ್ಲೇ ನನಗೆ ಅರ್ಥವಾದದ್ದು, ಜನರನ್ನು ಶಿಬಿರದಿಂದ ದೂರ ಇಟ್ಟಿದ್ದು ಬಡತನವೊಂದೇ ಅಲ್ಲ, ಹೆದರಿಕೆ. ಕಣ್ಣುಗುಡ್ಡೆ ಕಿತ್ತು ತೊಳೆದು ಮತ್ತೆ ಕೂರಿಸ್ತಾರಂತೆ, ಒಬ್ಬರ ಗುಡ್ಡೆ ಇನ್ನೊಬ್ಬರಿಗೆ ಹೋಗ್ತದಂತೆ ಅಂತೆಲ್ಲ ಸುದ್ದಿ. ಒಂದು ಗೊಲ್ಲರಹಟ್ಟಿಯ ಬೇಲಿ ಪಕ್ಕ ಜೀಪು ನಿಲ್ಲಿಸಿದಾಗ ಕಂಬಳಿ ಹೊದ್ದು ಕೂತಿದ್ದ ಅಜ್ಜನೊಬ್ಬ ಮೈಕಿನ ಮಾತು ಪೂರ್ತಿ ಕೇಳಿಸಿಕೊಂಡ. ಎರಡೂ ಕಣ್ಣು ಬೆಳ್ಳಗಾಗಿದ್ದವು. ಮಂದೆಯ ಕುರಿಗಳನ್ನು ಕೂಗಿನಲ್ಲೇ ಗುರುತು ಹಿಡಿಯುತ್ತಾನೆ ಅಂತ ಮೊಮ್ಮಗ ಹೇಳಿದ.

"ಸಾಯೋ ವಯಸ್ನಾಗೆ ಕಣ್ಯಾಕಪ್ಪ ನಂಗೆ?" ಅಂದ ಅಜ್ಜ.

ನಮ್ಮ ಜೊತೆಗಿದ್ದ ಮಿಲ್ ಸಾಹುಕಾರರು ಜೀಪಿನಿಂದ ಇಳಿದು ಅಜ್ಜನ ಪಕ್ಕ ನೆಲದ ಮೇಲೆ ಕೂತರು. ಕಣ್ಣಿನ ಮಾತೇ ಎತ್ತಲಿಲ್ಲ. ಮಳೆ ಎಷ್ಟಾಯಿತು, ಕುರಿಗೆ ಜಡ್ಡು ಬಂತಾ, ಕಂಬಳಿಗೆ ಈಗೇನು ರೇಟು, ಇದೇ ಮಾತು. ಏಳುವಾಗ ಮಾತ್ರ, "ನಾನೂ ಅಲ್ಲೇ ಮಲಗಿರ್ತೀನಿ ಅಜ್ಜ, ರಾತ್ರಿಯೆಲ್ಲ. ನಿನ್ನ ಒಬ್ಬನ್ನೇ ಬಿಡಂಗಿಲ್ಲ" ಅಂದರು. ಅಜ್ಜ ಆಗ ಏನೂ ಹೇಳಲಿಲ್ಲ. ತಪಾಸಣೆಯ ದಿನ ಮೊಮ್ಮಗನ ಹೆಗಲು ಹಿಡಿದುಕೊಂಡು ಬಂದ.

ತಪಾಸಣೆಯ ದಿನದ ನೂಕುನುಗ್ಗಲನ್ನು ನಾನು ಬೇರೆಲ್ಲೂ ಕಂಡಿಲ್ಲ. ಎತ್ತಿನ ಗಾಡಿ, ಟ್ರ್ಯಾಕ್ಟರು, ಬಸ್ಸಿನ ಟಾಪು, ಎಲ್ಲದರಿಂದಲೂ ಮುದುಕರು ಇಳಿಯುತ್ತಿದ್ದರು. ಒಂದು ಮೂಲೆಯಲ್ಲಿ ಸ್ಪಿರಿಟ್ ದೀಪದ ಮೇಲೆ ಸಕ್ಕರೆ ಪರೀಕ್ಷೆ: ಬೆನೆಡಿಕ್ಟ್ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಕಾಯಿಸಿದರೆ ನೀಲಿ ನೀಲಿಯಾಗೇ ಉಳಿಯಬೇಕು, ಹಸಿರು, ಹಳದಿ ದಾಟಿ ಇಟ್ಟಿಗೆ ಕೆಂಪಾದರೆ ಆಪರೇಷನ್ ಇಲ್ಲ. ಇನ್ನೊಂದು ಮೇಜಿನಲ್ಲಿ ಕಣ್ಣಿನ ಮೂಲೆಯ ಸಣ್ಣ ರಂಧ್ರಕ್ಕೆ ಮೊಂಡು ಸೂಜಿಯಿಂದ ಉಪ್ಪುನೀರು ಬಿಟ್ಟು, "ಗಂಟಲಿಗೆ ಉಪ್ಪು ಬಂತಾ?" ಅಂತ ಕೇಳುವುದು. ಬಂತು ಅಂದರೆ ಕಣ್ಣೀರಿನ ನಾಳ ಸ್ವಚ್ಛ. ಕಟ್ಟಿಕೊಂಡು ಕೀವು ತುಂಬಿದ್ದರೆ ಅಲ್ಲಿಂದ ಗಾಯಕ್ಕೆ ನಂಜು ಏರುತ್ತದೆ. ಪೊರೆ ಪೂರ್ತಿ ಬಲಿಯದವರಿಗೆ ಮುಂದಿನ ವರ್ಷ ಬನ್ನಿ ಅಂತ ಹೇಳಬೇಕಿತ್ತು. ಅದು ನನ್ನ ಪಾಲಿಗೆ ಬಂದ ಕೆಲಸ. ಎಂಟು ಹತ್ತು ಮೈಲಿ ನಡೆದು ಬಂದವರಿಗೆ ನೀನು ಇನ್ನೊಂದು ವರ್ಷ ಮಬ್ಬಿನಲ್ಲೇ ಇರು ಅಂತ ಹೇಳುವುದು ಎಂಥ ಸಂಕಟ!

ಆಪರೇಷನ್‌ಗೆ ಆರಿಸಿದ ಕೊಠಡಿಗೆ ಸುಣ್ಣ ಬಳಿದು, ಫಿನಾಯಿಲ್ ಹಾಕಿ ತೊಳೆದು, ಕಿಟಕಿ ಸಂದಿಗೆಲ್ಲ ಕಾಗದ ಅಂಟಿಸಿ, ಫಾರ್ಮಾಲಿನ್ ಹೊಗೆ ಕಟ್ಟಿ ಬೀಗ ಹಾಕಿದ್ದೆವು. ಮಾರನೇ ದಿನ ಬಾಗಿಲು ತೆಗೆದವರ ಕಣ್ಣಲ್ಲೆಲ್ಲ ಧಾರಾಕಾರ ನೀರು. ಕರೆಂಟು ನಂಬುವಂತಿರಲಿಲ್ಲ, ಟೆಂಟ್ ಸಿನಿಮಾದವರು ತಮ್ಮ ಜನರೇಟರನ್ನು ದುಡ್ಡು ಮುಟ್ಟದೆ ಕಳಿಸಿಕೊಟ್ಟರು. ಹಣೆಗೆ ಪ್ಲಾಸ್ಟರ್ ಅಂಟಿಸಿ ನಂಬರು, ಯಾವ ಕಣ್ಣು ಅಂತ ಬರೆದು, ಸಾಲಾಗಿ ಕೂರಿಸಿ, ರೆಪ್ಪೆಗೂದಲು ಕತ್ತರಿಸಿ ಹನಿ ಬಿಡುವುದು. ಕಣ್ಣಿನ ಸುತ್ತ ಮರಗಟ್ಟುವ ಇಂಜೆಕ್ಷನ್. ಒಳಗೆ ನಡೆದದ್ದನ್ನು ನಾನು ಕಾಣೆ. ಹೊರಗೆ ಬಂದವರನ್ನು ಸ್ಟ್ರೆಚರಿನಿಂದ ಮಗುವಿನಂತೆ ಎತ್ತಿ, ಒಂದಿಷ್ಟೂ ಕುಲುಕದಂತೆ ಚಾಪೆಗೆ ಇಳಿಸುವುದು ನಮ್ಮದು. ಏಳನೇ ಕ್ಲಾಸು, ಎಂಟನೇ ಕ್ಲಾಸು ಅಂತ ಬಾಗಿಲ ಮೇಲೆ ಬರೆದಿದ್ದ ಕೊಠಡಿಗಳು ವಾರ್ಡುಗಳಾದವು.

ರಾತ್ರಿ ಪಾಳಿಗೆ ಕೂತ ಮೇಲೆ ಶಿಬಿರದ ನಿಜವಾದ ಭಾರ ತಿಳಿಯಿತು. ಮೊದಲ ಕೆಲಸ ಬೀಡಿಕಟ್ಟು, ನಸ್ಯದ ಡಬ್ಬಿಗಳ ಜಪ್ತಿ. ಬೀಡಿ ಸೇದಿದರೆ ಕೆಮ್ಮು, ನಸ್ಯ ಏರಿಸಿದರೆ ಸೀನು, ಎರಡೂ ಹೊಲಿಗೆಗೆ ವೈರಿ. ಪ್ರತಿಯೊಂದಕ್ಕೂ ನಂಬರಿನ ಚೀಟಿ ಕಟ್ಟಿ ಹೆಡ್ಮಾಸ್ಟರ ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಐವತ್ತು ವರ್ಷ ನಸ್ಯ ಏರಿಸಿದ ಅಜ್ಜಿಗೆ ಒಂದು ವಾರ ಅದಿಲ್ಲದಿರುವುದು ಆಪರೇಷನ್‌ಗಿಂತ ದೊಡ್ಡ ನೋವು. "ವಾಸನೆ ಆದ್ರೂ ತೋರ್ಸೋ ನಮ್ಮಪ್ಪಾ" ಅಂತ ಕೈ ಹಿಡಿದು ಬೇಡುತ್ತಿದ್ದರು. ಸಾಲಿನ ನಡುವೆ ಲಾಟೀನು ಹಿಡಿದು ಓಡಾಡುತ್ತ ರಾತ್ರಿಯಿಡೀ ನಾವು ಹೇಳುತ್ತಿದ್ದ ಮಾತು ಒಂದೇ: ಕೆಮ್ಮಬೇಡಜ್ಜ, ಸೀನಬೇಡಜ್ಜಿ. ಸೀನು ಬರುವಂತಾದರೆ ಬಾಯಿ ತೆರೆದು ಉಸಿರು ಬಿಡು, ಮೂಗಿನ ಕೆಳಗೆ ಬೆರಳು ಒತ್ತಿಕೋ ಅಂತ ಹೇಳಿಕೊಟ್ಟಿದ್ದೆವು.

ಅಗಿಯುವುದನ್ನೇನೂ ಕೊಡಬಾರದು, ದವಡೆ ಅಲ್ಲಾಡಿದರೆ ಕಣ್ಣಿಗೆ ಒತ್ತಡ ಅಂತ ಅಪ್ಪಣೆಯಾಗಿತ್ತು. ಹಾಗಾಗಿ ರವೆ ಗಂಜಿ, ಹಾಲು, ಹಿಸುಕಿದ ಬಾಳೆಹಣ್ಣು. ಎರಡನೇ ದಿನಕ್ಕೇ ವಾರ್ಡಿನಲ್ಲಿ ದೊಡ್ಡ ಗೊಣಗಾಟ. ಹಟ್ಟಿಯ ಅಜ್ಜ ಮಲಗಿದಲ್ಲಿಂದಲೇ ಡಾಕ್ಟರಿಗೆ ನ್ಯಾಯ ಹೇಳಿದ: "ಮುದ್ದೆನ ಯಾರ ಅಗೀತಾರ ಸ್ವಾಮಿ? ನುಂಗದಲ್ವಾ?" ಡಾಕ್ಟರು ಒಂದು ಗಳಿಗೆ ಯೋಚಿಸಿ, ಸರಿ, ಮೆತ್ತಗೆ ಮಾಡಿ ಕೊಡಿ ಅಂದರು. ಆವತ್ತು ಮಧ್ಯಾಹ್ನ ತಿಳಿಸಾರಿನಲ್ಲಿ ಅದ್ದಿದ ಸಣ್ಣ ಸಣ್ಣ ತುತ್ತುಗಳನ್ನು ಬಾಯಿಗಿಟ್ಟವರಲ್ಲಿ ನಾನೂ ಒಬ್ಬ. ಅಷ್ಟು ತೃಪ್ತಿಯಿಂದ ಉಣ್ಣುವವರನ್ನು ಕಂಡಿರಲಿಲ್ಲ.

ಒಂದು ವಿಷಯ ಹೇಳಲೇಬೇಕು. ಕಣ್ಣು ಕಟ್ಟಿದ್ದ ಅಜ್ಜಿಯೊಬ್ಬರು ಮೊದಲ ದಿನ ನೀರಿನ ಲೋಟ ತುಟಿಗಿಟ್ಟಾಗ, "ಯಾವ ಪೈಕಿಯಪ್ಪಾ ನೀನು?" ಅಂತ ಕೇಳಿದರು. ಪಕ್ಕದ ಚಾಪೆಯವರ ಜಾತಿಯನ್ನೂ ವಿಚಾರಿಸಿದರು. ಮೂರನೇ ದಿನಕ್ಕೆ ಆ ಪ್ರಶ್ನೆ ನಿಂತುಹೋಯಿತು. ಅದೇ ಪಕ್ಕದ ಚಾಪೆಯಾಕೆ ರಾತ್ರಿ ನರಳಿದರೆ ನಮ್ಮನ್ನು ಕೂಗಿ ಕರೆಯುತ್ತಿದ್ದವರು ಇವರೇ. ಕಣ್ಣು ಕಟ್ಟಿದ್ದರಿಂದ ಹಾಗಾಯಿತು ಅಂತ ನಾನು ಹೇಳಲಾರೆ. ಒಂದೇ ಭಯವನ್ನು ಅಕ್ಕಪಕ್ಕ ಮಲಗಿ ಅನುಭವಿಸಿದ್ದರಿಂದ ಆಯಿತು ಅಂತ ನನ್ನ ನಂಬಿಕೆ.

ಮಿಲ್ ಸಾಹುಕಾರರು ಹಟ್ಟಿಯಲ್ಲಿ ಕೊಟ್ಟ ಮಾತು ಉಳಿಸಿಕೊಂಡರು. ಹಗಲು ಮಿಲ್ಲು, ರಾತ್ರಿ ವಾರ್ಡು. ಮನೆಯಲ್ಲಿ ಲೋಟ ಎತ್ತಿಡುವುದಕ್ಕೂ ಆಳಿದ್ದ ಮನುಷ್ಯ ಪಂಚೆ ಮೇಲೆ ಕಟ್ಟಿ ಬೆಡ್‌ಪ್ಯಾನ್ ಹಿಡಿದು ಹಿತ್ತಲಿಗೆ ಹೋಗಿ ತೊಳೆದು ತರುತ್ತಿದ್ದರು. ಬ್ಯಾನರು, ಫೋಟೋ, ಹಾರ ಎಲ್ಲ ಉದ್ಘಾಟನೆಯ ದಿನಕ್ಕೇ ಮುಗಿದಿದ್ದವು. ಸೇವಾ ಕ್ಲಬ್ಬುಗಳ ಬಗ್ಗೆ ಹಗುರವಾಗಿ ಮಾತಾಡುವವರನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ರಾತ್ರಿ ಎರಡು ಗಂಟೆಯಲ್ಲಿ ಈ ಸಾಹುಕಾರರನ್ನು ನೋಡಿದವನಿಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ.

ಮೂರನೇ ರಾತ್ರಿಯೇನೋ, ಹಟ್ಟಿಯ ಅಜ್ಜನಿಗೆ ನಿದ್ದೆಗಣ್ಣಿನಲ್ಲಿ ಮಂದೆಗೆ ತೋಳ ಬಂದಂತಾಯಿತು. "ಹೋಯ್!" ಅಂತ ಕೂಗಿ ಏಳಲು ಹೊರಟ. ನಾನು ಆ ಸಾಲಿನಲ್ಲೇ ಇದ್ದೆ. ಓಡಿ ಎರಡೂ ಭುಜ ಮೆಲ್ಲಗೆ ಅದುಮಿದೆ. ಒತ್ತಿ ಹಿಡಿದರೆ ಆತ ಇನ್ನಷ್ಟು ಕೊಸರುತ್ತಾನೆ, ಬಿಟ್ಟರೆ ಎದ್ದು ಕೂರುತ್ತಾನೆ. ಸಾಹುಕಾರರು ಬಂದವರೇ ಅಜ್ಜನ ಕಿವಿಯ ಹತ್ತಿರ, "ನಾಯಿ ಐತೆ ಅಜ್ಜ, ಓಡಿಸ್ತು, ಹೋಯ್ತು. ಕುರಿ ಎಲ್ಲ ರೊಪ್ಪದಾಗವೆ" ಅಂದರು. ಅಜ್ಜನ ಮೈ ಸಡಿಲವಾಯಿತು. "ಎಣಿಸಿದ್ರಾ?" ಅಂದ. ಎಣಿಸಿದೆವು ಅಂದೆವು. ಬೆಳಗಾಗುವ ತನಕ ನಮ್ಮಿಬ್ಬರಲ್ಲಿ ಒಬ್ಬರ ಕೈ ಆತನ ಕೈಯಲ್ಲಿತ್ತು. ಬೆಳಿಗ್ಗೆ ಡಾಕ್ಟರು ಟಾರ್ಚ್ ಹಾಕಿ ನೋಡಿ, ಏನೂ ಆಗಿಲ್ಲ, ಹೊಲಿಗೆ ಗಟ್ಟಿ ಇದೆ ಅಂದಾಗ ಸಾಹುಕಾರರು ಗೋಡೆಗೆ ಒರಗಿ ಕಣ್ಣೊರೆಸಿಕೊಂಡದ್ದನ್ನು ಕಂಡೆ.

ಮಸೂರ ತೆಗೆದ ಕಣ್ಣಿಗೆ ಕನ್ನಡಕವಿಲ್ಲದೆ ಏನೂ ಸ್ಪಷ್ಟವಿಲ್ಲ. ಗಾಯ ಮಾಗಿದ ಮೇಲೆ, ಆರು ವಾರ ಕಳೆದು, ಎಲ್ಲರನ್ನೂ ಮತ್ತೆ ಕರೆಸಿ ಕನ್ನಡಕ ಕೊಟ್ಟೆವು. ಪ್ಲಸ್ ಹತ್ತರ ಆಸುಪಾಸಿನ ದಪ್ಪ ಗಾಜು. ಎಲ್ಲವೂ ಇರುವುದಕ್ಕಿಂತ ಕಾಲುಪಾಲು ದೊಡ್ಡದಾಗಿ, ಹತ್ತಿರದಲ್ಲಿದ್ದಂತೆ ಕಾಣುತ್ತದೆ. ನೀರು ಸುರಿದರೆ ಲೋಟದಾಚೆ ಬೀಳುವುದು, ಮೆಟ್ಟಿಲು ಎಣಿಕೆಗೆ ಸಿಗದೆ ಕಾಲು ತಪ್ಪುವುದು. ಅದಕ್ಕೇ ಶಾಲೆಯ ಮೆಟ್ಟಿಲನ್ನು ಒಬ್ಬೊಬ್ಬರನ್ನೂ ಕೈ ಹಿಡಿದು ಹತ್ತಿಸಿ ಇಳಿಸಿ ಅಭ್ಯಾಸ ಮಾಡಿಸಿದೆವು. ನಸ್ಯದ ಅಜ್ಜಿ ಕನ್ನಡಕ ಏರಿಸಿಕೊಂಡು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಮಾತಾಡಿಸಿದರು. ಒಂದು ವಾರ ದನಿಯಲ್ಲೇ ಬಲ್ಲವರ ಮುಖ ನೋಡಬೇಕಿತ್ತು ಅವರಿಗೆ. ನನ್ನ ಸರದಿ ಬಂದಾಗ, "ಅಯ್ಯೋ, ನೀನಿನ್ನೂ ಹಸುಳೆ ಕಣೋ! ದನಿ ಕೇಳಿ ದೊಡ್ಡೋನು ಅಂದ್ಕಂಡಿದ್ದೆ" ಅಂದರು.

ಈಗ ಅಂಥ ಶಿಬಿರಗಳಿಲ್ಲ, ಇರಲೂಬಾರದು. ಶಾಲೆಯ ಕೊಠಡಿಯಲ್ಲಿ ಎಷ್ಟು ಹೊಗೆ ಕಟ್ಟಿದರೂ ನಂಜಿನ ಅಪಾಯ ಇದ್ದೇ ಇರುತ್ತಿತ್ತು. ಬೇರೆ ಬೇರೆ ಕಡೆಯ ಶಿಬಿರಗಳಲ್ಲಿ ಸೋಂಕು ತಗುಲಿ ಕಣ್ಣು ಕಳೆದುಕೊಂಡವರಿದ್ದಾರೆ. 1949ರಲ್ಲೇ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಕಣ್ಣಿನೊಳಗೆ ಕೂರಿಸಿದ ಕೃತಕ ಮಸೂರ ನಮ್ಮ ಬಡವರ ಕೈಗೆಟುಕಲು ನಾಲ್ಕು ದಶಕ ಹಿಡಿಯಿತು. 1992ರಲ್ಲಿ ಮಧುರೈನಲ್ಲಿ ಅರವಿಂದ ಆಸ್ಪತ್ರೆಯವರು ಅರೋಲ್ಯಾಬ್ ಕಟ್ಟಿ ಕಡಿಮೆ ಬೆಲೆಗೆ ಅದನ್ನು ತಯಾರಿಸತೊಡಗಿದ ಮೇಲೆ ದಪ್ಪ ಗಾಜಿನ ಕನ್ನಡಕಗಳು ಮರೆಯಾದವು. ಈಗ ಕ್ಲಬ್ಬಿನವರು ಊರಲ್ಲಿ ತಪಾಸಣೆ ಮಾಡಿಸಿ, ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದೊಯ್ದು ವಾಪಸು ತಂದು ಬಿಡುತ್ತಾರೆ. ಆ ಬಸ್ಸುಗಳಲ್ಲಿ ನಾನೂ ಹೋಗಿದ್ದೇನೆ. ಮೊದಲ ಸಲ ಬಂದವರ ಎದೆಬಡಿತ ಮಾತ್ರ ಅಂದಿನದೇ. ಪಕ್ಕದ ಸೀಟಿನಲ್ಲಿ ಒಬ್ಬರು ಕೂತು ಮಳೆ ಬೆಳೆ ಮಾತಾಡುವ ಅಗತ್ಯವೂ ಹಾಗೇ ಇದೆ.

ಮರುವರ್ಷದ ಶಿಬಿರಕ್ಕೆ ಜೀಪು ಆ ಹಟ್ಟಿಗೆ ಹೋಗಬೇಕಾಗಲಿಲ್ಲ. ಅಜ್ಜ ತಾನೇ ಸುತ್ತಲಿನ ಹಟ್ಟಿಗಳಿಂದ ಒಂದು ಗಾಡಿ ತುಂಬ ಜನ ಕರೆತಂದಿದ್ದ. ದಪ್ಪ ಗಾಜಿನ ಕನ್ನಡಕ, ಅದು ಬೀಳದಂತೆ ಕಿವಿಯಿಂದ ಕಿವಿಗೆ ಕಪ್ಪು ಉಣ್ಣೆಯ ದಾರ. ಬಂದವರ ಬೀಡಿಕಟ್ಟುಗಳನ್ನೆಲ್ಲ ದಾರಿಯಲ್ಲೇ ಇಸಿದುಕೊಂಡು ಕಂಬಳಿಯ ಗಂಟಿನಲ್ಲಿ ಕಟ್ಟಿದ್ದ. ಅದನ್ನು ನನ್ನ ಕೈಗೆ ಕೊಟ್ಟು ಚೀಟಿ ಕಟ್ಟು ಅಂದ. ರಾತ್ರಿ ಪಾಳಿಯ ಪಟ್ಟಿ ಬರೆಯುತ್ತಿದ್ದ ವಕೀಲರ ಮುಂದೆ ಹೋಗಿ ನಿಂತು, "ನನ್ನೂ ಬರ್ಕಳ್ರಿ. ಹೆಂಗ್ ಮಲಗ್ಬೇಕು ಅಂತ ನಿಮಗಿಂತ ನಂಗೆ ಚೆನ್ನಾಗ್ ಗೊತ್ತು" ಅಂದ. ವಕೀಲರು ಬರೆದುಕೊಂಡರು: ಎಂಟನೇ ಕ್ಲಾಸು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರು.