ಹಡಗಿನ ಬಲಗೈ

ನಾರ್ವೆಯ ರಾಜಧಾನಿ ಓಸ್ಲೋದಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ ದಕ್ಷಿಣಕ್ಕೆ ಹೋದರೆ ಸಾಂಡೆಫ್ಯೋರ್ಡ್ ಎಂಬ ಬಂದರು ಪಟ್ಟಣ ಸಿಗುತ್ತದೆ. ಊರಿನ ಅಂಚಿನಲ್ಲಿ, ಹೊಲಗಳ ನಡುವೆ, ಹುಲ್ಲು ಹೊದ್ದ ಒಂದು ದುಂಡನೆಯ ದಿಬ್ಬವಿದೆ. ಇದೇ ಗೋಕ್‌ಸ್ಟಾಡ್ ದಿಬ್ಬ. ಊರಿನವರು ಇದನ್ನು ‘ರಾಜನ ದಿಬ್ಬ’ ಎನ್ನುತ್ತಿದ್ದರು. ಒಳಗೆ ಒಬ್ಬ ರಾಜ ತನ್ನ ಸಂಪತ್ತಿನ ಜೊತೆ ಮಲಗಿದ್ದಾನೆ ಎಂದು ತಲೆತಲಾಂತರದಿಂದ ಮಾತಿತ್ತು.

1880ರಲ್ಲಿ ಆ ಹೊಲದ ಮನೆಯ ಹುಡುಗರು ದಿಬ್ಬವನ್ನು ಅಗೆಯಲು ಹೊರಟರು. ಸುದ್ದಿ ತಿಳಿದ ನಿಕೊಲಾಯ್ ನಿಕೊಲಾಯ್‌ಸೆನ್ ಎಂಬ ಪುರಾತತ್ತ್ವಜ್ಞರು ಅವರನ್ನು ತಡೆದು, ತಾವೇ ಮುಂದೆ ನಿಂತು ಜೋಪಾನವಾಗಿ ಅಗೆಸಿದರು. ಒಳಗೆ ಸಿಕ್ಕಿದ್ದು ಒಂದು ಇಡೀ ಹಡಗು! ಓಕ್ ಮರದ ಹಡಗು. ಎರಡು ಬಸ್ಸುಗಳನ್ನು ಹಿಂದೆ ಮುಂದೆ ನಿಲ್ಲಿಸಿದಷ್ಟು ಉದ್ದ, ಅಂದರೆ 23 ಮೀಟರಿಗೂ ಹೆಚ್ಚು. ಎರಡೂ ಪಕ್ಕದಲ್ಲಿ ಹದಿನಾರು ಹದಿನಾರು ಹುಟ್ಟುಗಳಿಗೆ ತೂತುಗಳು. ಸುಮಾರು ಒಂದು ಸಾವಿರ ವರ್ಷ ನೆಲದೊಳಗಿದ್ದರೂ ಸುತ್ತಲಿನ ಅಂಟು ಜೇಡಿಮಣ್ಣು ಮರವನ್ನು ಕೊಳೆಯಲು ಬಿಟ್ಟಿರಲಿಲ್ಲ.

ಅದು ವೈಕಿಂಗರ ಹಡಗು. ಕಡಲು ದಾಟಿ ವ್ಯಾಪಾರವನ್ನೂ ಲೂಟಿಯನ್ನೂ ಮಾಡುತ್ತಿದ್ದ ಜನ ಅವರು. ಸತ್ತ ನಾಯಕನೊಬ್ಬನನ್ನು ಈ ಹಡಗಿನಲ್ಲೇ ಮಲಗಿಸಿ, ಕುದುರೆ, ನಾಯಿಗಳ ಜೊತೆ ಹೂಳಿದ್ದರು. ಅಲ್ಲಿ ನವಿಲಿನ ಅವಶೇಷವೂ ಸಿಕ್ಕಿತು ಎಂದರೆ ನಂಬುತ್ತೀರಾ? ನಮ್ಮ ಕಡೆಯ ಹಕ್ಕಿ, ಹಿಮ ಬೀಳುವ ಆ ನಾಡಿನವರೆಗೆ ಕೈಯಿಂದ ಕೈಗೆ ದಾಟುತ್ತಾ ಹೋಗಿತ್ತು!

ಹಳೆಯ ಹಡಗನ್ನು ಓಸ್ಲೋಗೆ ಒಯ್ದರು. ಸಾಂಡೆಫ್ಯೋರ್ಡಿನ ಬಂದರಿನಲ್ಲಿ ಅದೇ ಮಾದರಿಯಲ್ಲಿ ಕಟ್ಟಿದ ‘ಗಾಯಾ’ ಎಂಬ ಹಡಗು ಇದೆ. ಅದರ ಹಿಂಭಾಗಕ್ಕೆ ಹೋಗಿ, ಮೂತಿಯ ಕಡೆಗೆ ಮುಖ ಮಾಡಿ ನಿಂತರೆ ಒಂದು ವಿಚಿತ್ರ ಕಾಣುತ್ತದೆ. ಇಂದಿನ ಹಡಗುಗಳಲ್ಲಿ ಚುಕ್ಕಾಣಿ ಇರುವುದು ಹಿಂದೆ, ನಡುಮಧ್ಯದಲ್ಲಿ. ಇಲ್ಲಿ ಹಾಗಲ್ಲ. ದೊಡ್ಡ ಹುಟ್ಟಿನಂಥ ಅಗಲ ಹಲಗೆಯೊಂದು ಬಲಪಕ್ಕದಲ್ಲಿ ನೀರಿಗೆ ಇಳಿದಿದೆ. ಅದರ ತಲೆಗೆ ಸಿಕ್ಕಿಸಿದ ಹಿಡಿಕೆ ಒಳಕ್ಕೆ ಚಾಚಿಕೊಂಡಿದೆ. ಹಿಡಿಕೆಯನ್ನು ಎಳೆದರೆ ಅಥವಾ ತಳ್ಳಿದರೆ ಹಲಗೆ ಓರೆಯಾಗುತ್ತದೆ, ನೀರು ಅದಕ್ಕೆ ಒತ್ತುತ್ತದೆ, ಹಡಗು ತಿರುಗುತ್ತದೆ. ದಡದ ಹತ್ತಿರ ನೀರು ಕಡಿಮೆಯಾದರೆ ಹಲಗೆಯನ್ನು ಮೇಲಕ್ಕೆ ಎತ್ತಿಕೊಳ್ಳಬಹುದು.

ಬಲಪಕ್ಕವೇ ಏಕೆ? ಉತ್ತರ ನಿಮ್ಮ ತರಗತಿಯಲ್ಲೇ ಇದೆ. ಎಷ್ಟು ಮಂದಿ ಬಲಗೈಯಲ್ಲಿ ಬರೆಯುತ್ತಾರೆ, ಎಣಿಸಿ ನೋಡಿ. ಹಳೆಯ ಕಾಲದಲ್ಲಿ ದೋಣಿಯ ಹಿಂಭಾಗದಲ್ಲಿ ಒಬ್ಬ ಹುಟ್ಟು ಹಿಡಿದು ದಾರಿ ತಿದ್ದುತ್ತಿದ್ದ. ಹೆಚ್ಚಿನವರಿಗೆ ಬಲಗೈಯೇ ಗಟ್ಟಿ. ಹಾಗಾಗಿ ಹುಟ್ಟು ಬಲಕ್ಕೆ ಬಂತು. ದೋಣಿ ಬೆಳೆದು ಹಡಗಾದಾಗ ಹುಟ್ಟೂ ಬೆಳೆದು ಚುಕ್ಕಾಣಿಯಾಯಿತು, ಆದರೆ ಪಕ್ಕ ಬದಲಾಗಲಿಲ್ಲ. ‘ನಡೆಸುವ ಪಕ್ಕ’ ಎಂಬ ಅರ್ಥದ ಹಳೆಯ ಇಂಗ್ಲಿಷ್ ಮಾತೇ ಸವೆದು ಸವೆದು ಇಂದಿನ ‘ಸ್ಟಾರ್‌ಬೋರ್ಡ್’ ಆಗಿದೆ. ಆಕಾಶದ ನಕ್ಷತ್ರಕ್ಕೂ ಅದಕ್ಕೂ ಸಂಬಂಧವಿಲ್ಲ!

ಬಲಕ್ಕೆ ಚುಕ್ಕಾಣಿ ಇದ್ದ ಮೇಲೆ ಧಕ್ಕೆಗೆ ಆ ಪಕ್ಕ ತಾಗಿಸಿದರೆ ಅದು ನಜ್ಜುಗುಜ್ಜಾಗುತ್ತದೆ. ಆದ್ದರಿಂದ ಹಡಗನ್ನು ಎಡಪಕ್ಕದಿಂದ ದಡಕ್ಕೆ ತರುತ್ತಿದ್ದರು, ಸರಕನ್ನೂ ಅಲ್ಲಿಂದಲೇ ತುಂಬುತ್ತಿದ್ದರು. ಅದಕ್ಕೆ ಇಂಗ್ಲಿಷಿನಲ್ಲಿ ‘ಲಾರ್‌ಬೋರ್ಡ್’ ಎಂಬ ಹೆಸರು ಬಂತು. ಬಿರುಗಾಳಿಯ ಅಬ್ಬರದಲ್ಲಿ ನಾಯಕ ಕೂಗಿದ್ದು ಸ್ಟಾರ್‌ಬೋರ್ಡೋ ಲಾರ್‌ಬೋರ್ಡೋ ತಿಳಿಯದಿದ್ದರೆ? ಹಡಗು ಬಂಡೆಗೆ ಬಡಿಯಲು ಅಷ್ಟು ಸಾಕು. 1844ರಲ್ಲಿ ಬ್ರಿಟಿಷ್ ನೌಕಾಪಡೆ ‘ಲಾರ್‌ಬೋರ್ಡ್’ ಬಿಟ್ಟು, ಎಡಕ್ಕೆ ‘ಪೋರ್ಟ್’ ಎನ್ನಬೇಕು ಎಂದು ಆಜ್ಞೆ ಹೊರಡಿಸಿತು.

ಎಡ, ಬಲ ಎಂದರೆ ಸಾಲದೇ? ಸಾಲದು. ಹುಟ್ಟು ಹಾಕುವವರು ಕೂರುವುದು ಹಿಂದಕ್ಕೆ ಮುಖ ಮಾಡಿ; ಅವರ ಬಲ ಎಂದರೆ ಹಡಗಿನ ಎಡ. ಅದಕ್ಕೇ ಮನುಷ್ಯ ಯಾವ ಕಡೆ ತಿರುಗಿದರೂ ಬದಲಾಗದ, ಹಡಗಿಗೇ ಅಂಟಿಕೊಂಡ ಹೆಸರುಗಳು ಬೇಕಾದವು. ಹಂಪಿಯ ಬಳಿ ತುಂಗಭದ್ರೆ ದಾಟಿಸುವ ಹರಿಗೋಲಿಗೆ ಈ ತೊಂದರೆ ಇಲ್ಲ. ಅದು ದುಂಡಗಿದೆ, ಹಿಂದೆ ಮುಂದೆಯೇ ಇಲ್ಲದ ಮೇಲೆ ಎಡ ಬಲ ಎಲ್ಲಿಯದು!

ಪಕ್ಕಕ್ಕೆ ಕಟ್ಟಿದ ಹಲಗೆಯಿಂದ ದೊಡ್ಡ ಕಡಲನ್ನು ದಾಟಲು ಆಗುತ್ತದೆಯೇ? ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. 1893ರಲ್ಲಿ ಮಾಗ್ನುಸ್ ಆಂಡರ್ಸನ್ ಎಂಬ ನಾವಿಕ, ಗೋಕ್‌ಸ್ಟಾಡ್ ಹಡಗಿನ ಮಾದರಿಯಲ್ಲೇ ‘ವೈಕಿಂಗ್’ ಎಂಬ ಹಡಗು ಕಟ್ಟಿಸಿ ಅಟ್ಲಾಂಟಿಕ್ ಸಾಗರಕ್ಕೆ ಇಳಿದರು. ಷಿಕಾಗೋದಲ್ಲಿ ನಡೆಯುತ್ತಿದ್ದ ಮಹಾಪ್ರದರ್ಶನಕ್ಕೆ ಅದನ್ನು ಒಯ್ಯಬೇಕಿತ್ತು. (ಸ್ವಾಮಿ ವಿವೇಕಾನಂದರು ಷಿಕಾಗೋದಲ್ಲಿ ಮಾತನಾಡಿದ್ದೂ ಅದೇ ವರ್ಷ.) ನಾರ್ವೆಯ ಬೆರ್ಗನ್ ಬಿಟ್ಟ 28 ದಿನಕ್ಕೆ ಅವರು ನ್ಯೂಫೌಂಡ್‌ಲ್ಯಾಂಡ್ ಮುಟ್ಟಿದರು. ಎಂಥ ಹವೆಯಲ್ಲೂ ಒಬ್ಬನೇ ಆಳು ಈ ಚುಕ್ಕಾಣಿಯನ್ನು ನಿಭಾಯಿಸಬಲ್ಲ ಎಂದು ಆಂಡರ್ಸನ್ ಹಿರಿಯರ ಜಾಣತನವನ್ನು ಕೊಂಡಾಡಿದರು.

ಚೀನಾದಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಚುಕ್ಕಾಣಿಯನ್ನು ಹಡಗಿನ ಹಿಂಬದಿಗೆ ಕೂಡಿಸಿದ್ದರು. ಯುರೋಪಿನಲ್ಲಿ ಹನ್ನೆರಡನೆಯ ಶತಮಾನದ ಹೊತ್ತಿಗೆ ಆ ಬಗೆಯ ಚುಕ್ಕಾಣಿ ಕಾಣಿಸಿಕೊಂಡಿತು. ಹಡಗುಗಳು ಹಿರಿದಾದಂತೆ ಬಲಪಕ್ಕದ ಹಲಗೆ ಮರೆಯಾಯಿತು. ಆದರೆ ಅದು ಬಿಟ್ಟುಹೋದ ಹೆಸರು ಉಳಿಯಿತು. ಇವತ್ತಿಗೂ ಎಷ್ಟೋ ಪುಟ್ಟ ಮೋಟಾರು ದೋಣಿಗಳಲ್ಲಿ ನಡೆಸುವವರ ಆಸನ ಬಲಕ್ಕಿದೆ. ಅದಕ್ಕೆ ಹೊಸ ಕಾರಣಗಳೂ ಸೇರಿವೆ. ಎರಡು ಯಂತ್ರದೋಣಿಗಳು ಅಡ್ಡ ಹಾಯುವಾಗ, ಯಾರ ಬಲಕ್ಕೆ ಇನ್ನೊಂದು ದೋಣಿ ಕಾಣುತ್ತದೋ ಅವರೇ ದಾರಿ ಬಿಡಬೇಕು ಎಂಬುದು ಕಡಲಿನ ನಿಯಮ. ಬಲಕ್ಕೆ ಕೂತವರಿಗೆ ಆ ಪಕ್ಕ ಚೆನ್ನಾಗಿ ಕಾಣುತ್ತದೆ. ಇನ್ನೊಂದು, ಒಂದೇ ಎಂಜಿನ್ನಿನ ದೋಣಿಯಲ್ಲಿ ಹಿಂದಿನ ಪಂಕ ಸಾಮಾನ್ಯವಾಗಿ ಬಲಸುತ್ತು ತಿರುಗುವುದರಿಂದ ದೋಣಿ ಎಡಕ್ಕೆ ಕೊಂಚ ವಾಲುತ್ತದೆ. ಬಲಕ್ಕೆ ಕೂತವರ ತೂಕ ಅದನ್ನು ಸರಿದೂಗಿಸುತ್ತದೆ.

ಕತ್ತಲಾದ ಮೇಲೆ ಪಕ್ಕ ತಿಳಿಯುವುದು ಹೇಗೆ? ಅದಕ್ಕೆ ದೀಪಗಳಿವೆ. ಬಲಪಕ್ಕಕ್ಕೆ ಹಸಿರು, ಎಡಪಕ್ಕಕ್ಕೆ ಕೆಂಪು. ನಾರ್ವೆಯ ಹಡಗಿಗೂ ನಮ್ಮ ಮಲ್ಪೆಯ ಮೀನುಗಾರಿಕಾ ದೋಣಿಗೂ ಒಂದೇ ನಿಯಮ. ವಿಮಾನದ ರೆಕ್ಕೆಯ ತುದಿಗಳಲ್ಲೂ ಇದೇ ಬಣ್ಣ, ಇದೇ ಪಕ್ಕ. ವಿಮಾನಕ್ಕೆ ನಾವು ಹತ್ತುವುದೂ ಸಾಮಾನ್ಯವಾಗಿ ಎಡಬಾಗಿಲಿನಿಂದಲೇ, ಹಿಂದಿನವರು ಹಡಗು ಹತ್ತುತ್ತಿದ್ದ ಹಾಗೆ.

ಮುಂದಿನ ರಜೆಯಲ್ಲಿ ಮಲ್ಪೆಗೋ ಕಾರವಾರಕ್ಕೋ ಹೋದಾಗ ಸಂಜೆ ಕತ್ತಲಾಗುವವರೆಗೆ ಅಜ್ಜ ಅಜ್ಜಿಯರ ಜೊತೆ ದಡದಲ್ಲಿ ಕೂತು ನೋಡಿ. ಬರೀ ಹಸಿರು ಕಂಡರೆ, ದೋಣಿಯ ಬಲಪಕ್ಕ ನಿಮ್ಮ ಕಡೆಗಿದೆ. ಅದು ನಿಮ್ಮ ಎಡದಿಂದ ಬಲಕ್ಕೆ ಸಾಗುತ್ತಿದೆ. ಬರೀ ಕೆಂಪು ಕಂಡರೆ, ಬಲದಿಂದ ಎಡಕ್ಕೆ. ಹಸಿರು, ಕೆಂಪು ಎರಡೂ ಒಟ್ಟಿಗೆ ಕಂಡರೆ ದೋಣಿ ನೇರವಾಗಿ ನಿಮ್ಮತ್ತಲೇ ಬರುತ್ತಿದೆ. ಆಗ ಹಸಿರು ನಿಮ್ಮ ಎಡಕ್ಕೆ ಇರುತ್ತದೆ. ಏಕೆ ಎಂದು ಪಕ್ಕದಲ್ಲಿ ಕೂತ ಅಜ್ಜನನ್ನು ಕೇಳಿ. ಅವರಿಗೆ ಹೊಳೆಯದಿದ್ದರೆ ನೀವೇ ಹೇಳಿಕೊಡಿ.