ಗುಂಗುರು ಕೂದಲು ಒಣಗುವ ಹೊತ್ತು

ನಾಯಕನಹಟ್ಟಿಯಲ್ಲಿ ತಲೆಗೆ ಎರೆದುಕೊಂಡವರು ಕೂದಲು ಒಣಗಿಸಲು ಚಿಂತೆ ಮಾಡಬೇಕಿಲ್ಲ ಅನ್ನಿಸಬಹುದು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯೆಂದರೆ ಮಳೆ ಕಡಿಮೆ, ಬಿಸಿಲು ಧಾರಾಳ. ಅಂಗಳಕ್ಕೆ ಹರವಿದ ಶೇಂಗಾದಷ್ಟೇ ಸಲೀಸಾಗಿ ಕೂದಲೂ ಒಣಗುತ್ತದೆ. ಆದರೆ ನಮ್ಮಂಥ ಗುಂಗುರು ಕೂದಲಿನವರ ಪಾಡು ಬೇರೆ. ಟವೆಲ್ಲಿನಿಂದ ಗಸಗಸ ಉಜ್ಜಿ, ಬಿಸಿಲಲ್ಲಿ ಕೊಡವಿ, ಒಣಗಿದ ಮೇಲೆ ಬಾಚಿದೆವೋ, ತಲೆ ಹಿಂಜಿದ ಹತ್ತಿಯಾಗುತ್ತದೆ.

ಇದಕ್ಕೆ ಕಾರಣವಿದೆ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ನೀರು ತಾಗಿದಾಗ ಅದರೊಳಗಿನ ಹೈಡ್ರೋಜನ್ ಬಂಧಗಳು ಬಿಡುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಸುರುಳಿ ಹೇಗಿರುತ್ತದೋ ಹಾಗೆಯೇ ನಿಲ್ಲುತ್ತದೆ. ಒದ್ದೆ ಕೂದಲು ಉಬ್ಬಿ ಬಲ ಕಳೆದುಕೊಂಡಿರುವುದರಿಂದ ಉಜ್ಜಿದರೆ ಮೇಲ್ಪದರ ಏಳುತ್ತದೆ. ನೆತ್ತಿಯ ಜಿಡ್ಡು ಸುರುಳಿಗಳನ್ನು ದಾಟಿ ತುದಿಗೆ ಇಳಿಯುವುದೂ ಕಷ್ಟ.

ಮಾಡಬೇಕಾದ್ದು ಇಷ್ಟೆ. ಒದ್ದೆಯಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ ಬುಡದವರೆಗೆ ಸಿಕ್ಕು ಬಿಡಿಸಬೇಕು. ಹಳೆಯ ನೂಲಿನ ಸೀರೆಯ ತುಂಡಿನಲ್ಲಿ ಕೂದಲನ್ನು ಹಿಡಿಹಿಡಿಯಾಗಿ ಕೆಳಗಿನಿಂದ ಮೇಲಕ್ಕೆ ಒತ್ತಿ ನೀರು ತೆಗೆಯಬೇಕು. ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು ತುದಿಗಳಿಗೆ ಹಚ್ಚಬೇಕು. ಆಮೇಲೆ ನೆರಳಿನ ಗಾಳಿಗೆ ಬಿಟ್ಟು, ಪೂರ್ತಿ ಒಣಗುವತನಕ ಕೈಹಾಕಬಾರದು. ಡ್ರೈಯರ್ ಇದ್ದವರು ಕಡಿಮೆ ಬಿಸಿಯಲ್ಲಿ, ದೂರದಿಂದ ಹಿಡಿಯಲಿ. ಉಜ್ಜದೆ ಹಳೆ ಸೀರೆ ಸುತ್ತಿಡುವುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು.

ಕಷ್ಟವಿರುವುದು ಆ ಒಂದೆರಡು ಗಂಟೆ ದಕ್ಕಿಸಿಕೊಳ್ಳುವುದರಲ್ಲಿ. ಬೆಳಗ್ಗೆ ಎರೆದ ಮಗಳಿಗೆ ಒದ್ದೆಯಲ್ಲೇ ಎರಡು ಜಡೆ ಬಿಗಿದು ಶಾಲೆಗೆ ಕಳಿಸುತ್ತೇವೆ. ಬಿಗಿದ ಒದ್ದೆ ಕೂದಲು ತುಂಡಾಗುತ್ತದೆ. ಬಿಟ್ಟರೆ, ಬಾಚಿಕೊಂಡು ಬಂದವಳಿಗೂ "ತಲೆ ಬಾಚಿಕೊಂಡು ಬಾ" ಎಂಬ ಮಾತು ಕಾದಿರುತ್ತದೆ. ನಮ್ಮ ಮನೆಯ ಹುಡುಗಿಯರು ಅದನ್ನು ಕೇಳಿಕೊಂಡೇ ಬೆಳೆದರು. ನೆಟ್ಟಗಿನ ಕೂದಲೇ ಶಿಸ್ತು ಎಂದು ಯಾರು ಗೊತ್ತುಮಾಡಿದರು?

ಆಫ್ರಿಕಾ ಮೂಲದ ನಮ್ಮ ಉತ್ತರ ಕನ್ನಡದ ಸಿದ್ದಿಯರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಮತ ಯಾವುದಾದರೂ ಅವರ ಗುಂಗುರು ಕೂದಲಿನತ್ತ ಹೊರಗಿನವರ ನೋಟ ಒಂದೇ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವಂತೂ ಶಾಲೆ, ಕಚೇರಿಗಳಲ್ಲಿ ಕೂದಲಿನ ಸ್ವರೂಪ ನೋಡಿ ತಾರತಮ್ಯ ಮಾಡಬಾರದೆಂದು 2019ರಲ್ಲಿ ಕಾನೂನನ್ನೇ ತರಬೇಕಾಯಿತು.

ನಮಗೆ ಸದ್ಯಕ್ಕೆ ಕಾನೂನು ಬೇಡ. ಶನಿವಾರ ಸಂಜೆಯೋ ಭಾನುವಾರವೋ ಮಗಳಿಗೆ ಎರೆದು, ಒಣಗಲು ಬಿಡೋಣ. ಒಣಗಿದ ಮೇಲೆ ಸಡಿಲವಾಗಿ ಒಂದೇ ಜಡೆ ಹಾಕಲು ಬಿಡಿರೆಂದು ಮೇಷ್ಟ್ರನ್ನೂ ಮೇಡಮ್ಮನ್ನೂ ಕೇಳೋಣ. ಇದು ಅವರು ಕೊಡಲಾಗದ್ದೇನಲ್ಲ.